ಬೇಸಗೆಯ ರಜೆಯ ಮಳೆಯೂ ಮನೆಯ ಕೈತೋಟವೂ

ದಕ್ಷಿಣ ಬೆಂಗಳೂರಿನ ಬಡಾವಣೆಗಳಿಂದ ಗ್ರಾಮದ ಹಿಡುವಳಿದಾರರಿಗೆ ಒಂದು ಪಾಠ

ಕರ್ನಾಟಕದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಬೇಸಗೆಯ ರಜೆಯು ಸಾಮಾನ್ಯವಾಗಿ ಏಪ್ರಿಲ್ ೧೧ನೆಯ ತಾರೀಖಿನಿಂದ ಮೇ ೨೮ನೆಯ ತಾರೀಖಿನ ವರೆಗೆ ಇರುತ್ತದೆ. ಪಂಚಾಂಗವನ್ನು ತೆರೆದು ನೋಡಿದರೆ, ಈ ೪೮ ದಿನಗಳೊಳಗೆ ಅಶ್ವಿನಿ, ಭರಣಿ, ಕೃತ್ತಿಕೆ ಎಂಬ ಮೂರು ಮಳೆಗಳು ಪೂರ್ತಿಯಾಗಿ ಅಡಕವಾಗಿರುವುದೂ, ರೋಹಿಣಿ ಮಳೆಯು ಹುಟ್ಟಿದ ಕೆಲವೇ ದಿನಗಳಲ್ಲಿ ಮಕ್ಕಳು ಮರಳಿ ಶಾಲೆಗೆ ಹೊರಡುವುದೂ ಕಂಡುಬರುತ್ತದೆ. ಭೂಮಿಯು ಮೊದಲ ಹದಕ್ಕೆ ಬರುವ ಕಾಲವೂ, ಮನೆಮಂದಿಯೆಲ್ಲರೂ ಒಂದೆಡೆ ಸೇರಿರುವ ಕಾಲವೂ ಹೀಗೆ ಒಂದೇ ಆಗಿರುವುದು ಒಕ್ಕಲುತನ ಮಾಡುವವರು ಗಮನಿಸತಕ್ಕ ಸಂಗತಿಯಾಗಿದೆ. ಆದರೂ ಈ ದಿನಗಳಲ್ಲಿ ಮಳೆ ಬಂತೆಂದರೆ, ಹೊರಗೆ ಹೋಗುವುದಕ್ಕೆ ಅಡ್ಡಿಯಾಯಿತೆಂದು ಪಟ್ಟಣದವರೂ, ಕಣದಲ್ಲಿ ಹಾಕಿದ ಕಾಳು ನೆನೆಯಿತೆಂದು ಹಳ್ಳಿಯವರೂ ಬೇಸರಪಡುವರಲ್ಲದೆ, ಆ ನೀರಿನಿಂದ ಮನೆಯ ಅಡಿಗೆಗೆ ಎಷ್ಟು ಸೊಪ್ಪು ತರಕಾರಿ ದೊರೆಯಬಹುದೆಂದು ಲೆಕ್ಕ ಹಾಕುವವರು ವಿರಳ. ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳಲ್ಲಿ ಕೆಲವು ಕುಟುಂಬಗಳು ಈ ಲೆಕ್ಕವನ್ನು ಹಾಕಿ, ತಾರಸಿಯ ಮೇಲೂ ಗೋಡೆಯ ಪಕ್ಕದ ಮೊಳದಗಲದ ನೆಲದಲ್ಲಿಯೂ ಕೈತೋಟಗಳನ್ನು ಮಾಡಿಕೊಂಡಿವೆ. ಅವರ ಕ್ರಮದಿಂದ ಹಳ್ಳಿಯವರು ಕಲಿಯತಕ್ಕದ್ದೇನು ಎಂಬುದನ್ನು ಮುಂದೆ ವಿವರಿಸಲಾಗಿದೆ.

೧. ಬಡಾವಣೆಗಳ ಕೆಳಗಿರುವ ಊರುಗಳು

ಈ ಬಡಾವಣೆಗಳ ಹೆಸರುಗಳಲ್ಲಿಯೇ ಹಿಂದಿನ ಹಳ್ಳಿಗಳು ಅಡಗಿವೆ. ಬಿ. ಟಿ. ಎಂ. ಎಂಬುದು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರಗಳು. ಜೆ. ಪಿ. ನಗರದ ಸುತ್ತಿನಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿಗಳೂ, ಜಯನಗರದ ಪಕ್ಕದಲ್ಲಿ ಸಿದ್ದಾಪುರ, ಯಡಿಯೂರುಗಳೂ ಇವೆ. ಇವೆಲ್ಲವೂ ಒಂದು ಕಾಲದಲ್ಲಿ ಕೆರೆಯನ್ನು ನಂಬಿ ಬಾಳಿದ ಊರುಗಳು. ಜಯನಗರಕ್ಕೆ ೧೯೪೮ನೆಯ ಇಸವಿಯಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಅಸ್ತಿಭಾರವನ್ನಿಟ್ಟರು. ಅನಂತರ ಹೊಲಗದ್ದೆಗಳು ಒಂದೊಂದಾಗಿ ನಿವೇಶನಗಳಾದವು.

ಈ ಪ್ರದೇಶಕ್ಕೆ ತೋಟಗಾರಿಕೆಯ ವಿದ್ಯೆಯು ಹೊಸದಲ್ಲ. ಹೈದರ್ ಅಲಿಯು ೧೭೬೦ರಲ್ಲಿ ಪ್ರಾರಂಭಿಸಿದ ಲಾಲ್‌ಬಾಗ್ ಇಲ್ಲಿಗೆ ಕೂಗಳತೆಯಲ್ಲಿದೆ. ಬೆಂಗಳೂರಿನ ಸುತ್ತಿನ ತಿಗಳ ಜನಾಂಗದವರು ಹೂವು, ಸೊಪ್ಪು, ತರಕಾರಿಗಳ ಬೇಸಾಯದಲ್ಲಿ ತಲೆತಲಾಂತರದಿಂದ ನಿಪುಣರು. ೧೯೦೮ರಿಂದ ೧೯೩೨ರ ವರೆಗೆ ಲಾಲ್‌ಬಾಗಿನ ಆಡಳಿತವನ್ನು ನೋಡಿಕೊಂಡ ಕ್ರುಂಬಿಗಲ್ಲರ ಕಾಲದಲ್ಲಿ, ೧೯೧೨ರಲ್ಲಿ ಮೈಸೂರು ಉದ್ಯಾನ ಕಲಾ ಸಂಘವು ಸ್ಥಾಪಿತವಾಗಿ, ಹೂವಿನ ಮತ್ತು ತರಕಾರಿಯ ಬೇಸಾಯದಲ್ಲಿ ಜನರಿಗೆ ಆಸಕ್ತಿಯನ್ನು ಹುಟ್ಟಿಸಿತು. ಮೆಕ್ಸಿಕೋ ದೇಶದ ಕಡೆಯಿಂದ ಬಂದ ಸೀಮೆಬದನೆಯು ಇಲ್ಲಿಯ ಹವೆಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ, ತಮಿಳುನಾಡಿನವರು ಅದನ್ನು ಈಗಲೂ ‘ಬೆಂಗಳೂರು ಕತ್ತರಿಕ್ಕಾಯ್’ ಎಂದು ಕರೆಯುತ್ತಾರೆ. ಊರುಗಳು ಬಡಾವಣೆಗಳಾದ ಮೇಲೂ ಬಳ್ಳಿಯೂ ಪಾತಿಯೂ ಮನೆಗಳ ಅಂಗಳದಲ್ಲಿ ಸ್ವಲ್ಪ ಉಳಿದುಕೊಂಡವು. ನೀರು ಮಾತ್ರ ದುರ್ಲಭವಾಯಿತು.

೨. ಗುಂಟೆಯ ಲೆಕ್ಕವೂ ನೀರಿನ ಲೆಕ್ಕವೂ

ಒಂದು ಗುಂಟೆ ಎಂದರೆ ೧,೦೮೯ ಚದರ ಅಡಿ. ಬೆಂಗಳೂರಿನಲ್ಲಿ ಮಧ್ಯಮ ವರ್ಗದ ಗೃಹಸ್ಥನೊಬ್ಬನ ನಿವೇಶನವು ಸಾಧಾರಣವಾಗಿ ೩೦ ಅಡಿ ಅಗಲ, ೪೦ ಅಡಿ ಉದ್ದವಿದ್ದು, ೧,೨೦೦ ಚದರ ಅಡಿಯಾಗುತ್ತದೆ. ಅಂದರೆ ಅವನ ಸಮಸ್ತ ಸ್ಥಿರಾಸ್ತಿಯು ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು ಮಾತ್ರ. ಅದರಲ್ಲಿ ಮನೆಯು ಎದ್ದು, ವಾಹನಕ್ಕೆ ಸ್ಥಳ ಬಿಟ್ಟ ಮೇಲೆ ಮಣ್ಣು ಕಾಣುವ ನೆಲವು ಒಂದೆರಡು ಮಾರು ಉಳಿದರೆ ಹೆಚ್ಚು.

ಇನ್ನು ನೀರು. ೧೯೭೪ರಿಂದ ಬೆಂಗಳೂರಿಗೆ ಕಾವೇರಿಯ ನೀರು ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು ೧೦೦ ಕಿಲೋಮೀಟರು ದೂರ ಹರಿದು, ಸುಮಾರು ೫೦೦ ಮೀಟರು ಎತ್ತರಕ್ಕೆ ಯಂತ್ರಗಳಿಂದ ಏರಿ ಬರುತ್ತಿದೆ. ೨೦೨೪ರ ಮಾರ್ಚಿ ತಿಂಗಳಿನಲ್ಲಿ ಕೊಳವೆಬಾವಿಗಳು ಬತ್ತಿ ನೀರಿಗೆ ಬಹಳ ಕಷ್ಟವಾದಾಗ, ಕುಡಿಯುವ ನೀರನ್ನು ಗಿಡಗಳಿಗೆ ಹಾಕಕೂಡದೆಂದೂ, ಹಾಕಿದವರಿಗೆ ೫,೦೦೦ ರೂಪಾಯಿಗಳ ದಂಡವೆಂದೂ ಜಲಮಂಡಳಿಯು ಆಜ್ಞೆ ಮಾಡಿತು. ಅದಾಗಿ ಮೂರು ತಿಂಗಳು ತುಂಬುವುದರೊಳಗೆ, ಜೂನ್ ೨ನೆಯ ತಾರೀಖಿನಂದು ಅದೇ ನಗರದಲ್ಲಿ ಒಂದೇ ದಿನ ೧೧೧ ಮಿಲಿಮೀಟರು ಮಳೆ ಸುರಿಯಿತು. ೧,೦೦೦ ಚದರ ಅಡಿಯ ಒಂದು ತಾರಸಿಯ ಮೇಲೆ ಆ ದಿನ ಬಿದ್ದ ನೀರು ಸುಮಾರು ೧೦,೦೦೦ ಲೀಟರು. ಮಾರ್ಚಿಯಲ್ಲಿ ಒಂದು ಕೊಡ ನೀರಿಗೆ ದಂಡ ಕೊಡಬೇಕಾಗಿದ್ದ ಮನೆಗಳ ಪೈಕಿ ಅನೇಕವು ಜೂನಿನಲ್ಲಿ ಈ ಹತ್ತು ಸಾವಿರ ಲೀಟರನ್ನು ಚರಂಡಿಗೆ ಬಿಟ್ಟವು. ಕೈತೋಟದ ಪಾಠವೆಲ್ಲವೂ ಈ ಒಂದು ನಿದರ್ಶನದಲ್ಲಿದೆಯೆಂದು ಹೇಳಬಹುದು. ಇಲ್ಲಿಯ ಕೊರತೆಯು ಹೆಚ್ಚಾಗಿ ನೀರಿನದಲ್ಲ, ಕಾಲಕ್ಕೆ ಸರಿಯಾದ ಸಿದ್ಧತೆಯದು.

ಈ ಸಿದ್ಧತೆಯ ಕ್ರಮವನ್ನು ಸುಲಭವಾಗಿ ತಿಳಿಯಲು, ಬನಶಂಕರಿ ಎರಡನೆಯ ಹಂತದಲ್ಲಿರುವ ಒಂದು ಕುಟುಂಬವನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ತಾತ, ಅಜ್ಜಿ, ಮಗ, ಸೊಸೆ ಮತ್ತು ಇಬ್ಬರು ಮಕ್ಕಳು. ತಾತನು ಕನಕಪುರದ ಕಡೆಯ ಒಕ್ಕಲಿಗನಾಗಿದ್ದು, ವಯಸ್ಸಾದ ಮೇಲೆ ಮಗನ ಮನೆಗೆ ಬಂದವನು. ಅವನ ತಮ್ಮನು ಊರಿನಲ್ಲಿಯೇ ಬೇಸಾಯ ಮಾಡಿಕೊಂಡಿದ್ದಾನೆ. ರಜೆಯಲ್ಲಿ ಊರಿಗೆ ಹೋಗಬೇಕೆಂದಿದ್ದ ಮಕ್ಕಳು ಮಳೆಯ ದೆಸೆಯಿಂದ ಮನೆಯಲ್ಲಿಯೇ ಉಳಿದಿದ್ದಾರೆ.

೩. ಅಶ್ವಿನಿ ಮಳೆ: ಮಣ್ಣಿನ ಸಿದ್ಧತೆ (ಸುಮಾರು ಏಪ್ರಿಲ್ ೧೪ರಿಂದ ೨೬ರ ವರೆಗೆ)

ಮೊದಲು ಬಿಸಿಲನ್ನು ನೋಡತಕ್ಕದ್ದು. ದಿನಕ್ಕೆ ಐದಾರು ಗಂಟೆಗಳ ಬಿಸಿಲು ಬೀಳದ ಕಡೆ ಕಾಯಿಪಲ್ಲೆಗಳು ಫಲಿಸುವುದಿಲ್ಲ. ಸೊಪ್ಪುಗಳು ಮಾತ್ರ ಸ್ವಲ್ಪ ನೆರಳನ್ನು ಸಹಿಸುತ್ತವೆ. ಮಕ್ಕಳಿಬ್ಬರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಾರಸಿಯ ಮೇಲೆ ಬಿಸಿಲು ಬೀಳುವ ಸ್ಥಳಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದರೆ, ಒಂದೇ ದಿನದಲ್ಲಿ ತೋಟದ ನಕ್ಷೆಯು ಸಿದ್ಧವಾಗುತ್ತದೆ.

ಕುಂಡಗಳಿಗೆ ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಅಥವಾ ಮರಳು ಒಂದು ಪಾಲು ಬೆರೆಸಿ ತುಂಬಬೇಕು. ಬರಿಯ ಕೆಮ್ಮಣ್ಣನ್ನು ತುಂಬಿದರೆ ಮಳೆಗೆ ಗಟ್ಟಿಯಾಗಿ ಬೇರು ಉಸಿರಾಡಲಾರದು. ಕುಂಡದ ತಳದಲ್ಲಿ ತೂತುಗಳು ಅವಶ್ಯವಾಗಿ ಇರಬೇಕು. ತಾರಸಿಯ ಮೇಲಿಡುವ ಕುಂಡಗಳನ್ನು ಇಟ್ಟಿಗೆಗಳ ಮೇಲೆ ಎತ್ತಿಟ್ಟರೆ ನೀರು ಕೆಳಗಿನಿಂದ ಹರಿದುಹೋಗಿ ಗಾರೆಯು ಕೆಡುವುದಿಲ್ಲ. ನೆನೆದ ಮಣ್ಣು ಒಂದು ಘನ ಅಡಿಗೆ ೪೫ರಿಂದ ೫೦ ಕಿಲೋ ತೂಗುವುದಾದ ಕಾರಣ, ಭಾರವಾದ ಕುಂಡಗಳನ್ನು ಮಧ್ಯದಲ್ಲಿ ರಾಶಿ ಹಾಕದೆ, ಗೋಡೆ ಮತ್ತು ತೊಲೆಗಳಿರುವ ಸಾಲಿನಲ್ಲಿ ಇಡುವುದು ಕ್ಷೇಮ.

ನೆಲದಲ್ಲಿ ಮಾಡುವ ಪಾತಿಗಳು ಮಳೆಗಾಲಕ್ಕೆ ನೆಲಮಟ್ಟಕ್ಕಿಂತ ಗೇಣುದ್ದ ಎತ್ತರವಾಗಿರತಕ್ಕದ್ದು. ಅಗಲವು ಮೂರರಿಂದ ನಾಲ್ಕಡಿ ಮೀರಬಾರದು. ಹೀಗಿದ್ದರೆ ಎರಡು ಕಡೆಯಿಂದಲೂ ಕೈಗೆ ಎಟುಕುವುದರಿಂದ, ಪಾತಿಯೊಳಗೆ ಕಾಲಿಟ್ಟು ಮಣ್ಣನ್ನು ತುಳಿಯುವ ಪ್ರಸಂಗವು ಬರುವುದಿಲ್ಲ.

ಗೊಬ್ಬರದ ವಿಷಯದಲ್ಲಿ ಬೆಂಗಳೂರಿನ ಹೆಸರು ಪ್ರಪಂಚಕ್ಕೆ ಪರಿಚಿತವಾದದ್ದು. ಡಾಕ್ಟರ್ ಸಿ. ಎನ್. ಆಚಾರ್ಯರು ಇಲ್ಲಿಯ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೩೯ರಲ್ಲಿ ರೂಪಿಸಿದ ಕ್ರಮಕ್ಕೆ ‘ಬೆಂಗಳೂರು ಪದ್ಧತಿಯ ಕಾಂಪೋಸ್ಟು’ ಎಂದೇ ಹೆಸರು. ಸುಮಾರು ಮೂರಡಿ ಆಳದ ಗುಂಡಿಯಲ್ಲಿ ಕಸಕಡ್ಡಿಯ ಒಂದು ಪದರ, ಅದರ ಮೇಲೆ ಸಗಣಿಯಂಥ ಮಲಿನ ವಸ್ತುವಿನ ತೆಳ್ಳನೆಯ ಪದರ, ಹೀಗೆ ಒಂದರ ಮೇಲೊಂದು ಹರಡಿ, ಮೇಲುಭಾಗವನ್ನು ಮಣ್ಣಿನಿಂದ ಮೆತ್ತಿ ಬಿಡುತ್ತಾರೆ. ಮಗುಚುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳುಗಳಲ್ಲಿ ಗೊಬ್ಬರವು ಸಿದ್ಧವಾಗುತ್ತದೆ. ಗುಂಡಿಗೆ ಸ್ಥಳವಿಲ್ಲದ ಪಟ್ಟಣದ ಮನೆಯಲ್ಲಿ ತೂತುಗಳುಳ್ಳ ಒಂದು ದೊಡ್ಡ ಮಣ್ಣಿನ ಮಡಕೆಯೇ ಸಾಕು. ಅಡಿಗೆಮನೆಯ ಸಿಪ್ಪೆ, ಸೊಪ್ಪಿನ ಕಡ್ಡಿಗಳನ್ನು ಹಾಕಿದಾಗಲೆಲ್ಲಾ ಅದರ ಎರಡರಷ್ಟು ಒಣಗಿದ ಎಲೆಗಳನ್ನು ಮುಚ್ಚಿ, ವಾರಕ್ಕೊಮ್ಮೆ ಕೆದಕುತ್ತಾ ಬಂದರೆ ಎರಡು ಮೂರು ತಿಂಗಳುಗಳಲ್ಲಿ ಗೊಬ್ಬರವಾಗುವುದು. ದುರ್ವಾಸನೆ ಬಂದರೆ ಒಣ ಎಲೆಗಳು ಕಡಮೆಯಾದುವೆಂದು ತಿಳಿಯತಕ್ಕದ್ದು. ಜಯನಗರದ ರಸ್ತೆಗಳ ಮರಗಳು ಬೇಸಗೆಯಲ್ಲಿ ಉದುರಿಸುವ ಎಲೆಯನ್ನು ಸುಡುವವರು ಹೀಗೆ ಗೊಬ್ಬರವನ್ನೇ ಸುಡುತ್ತಾರೆ.

೪. ಭರಣಿ ಮಳೆ: ಬಿತ್ತನೆ (ಸುಮಾರು ಏಪ್ರಿಲ್ ೨೭ರಿಂದ ಮೇ ೧೦ರ ವರೆಗೆ)

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎಂಬ ಗಾದೆಯನ್ನು ರೈತರೆಲ್ಲರೂ ಬಲ್ಲರು. ಹೊಲಕ್ಕೆ ಹೇಳಿದ ಈ ಮಾತು ಹಿತ್ತಿಲಿಗೂ ಸಲ್ಲುತ್ತದೆ. ಈ ಮಳೆಯಲ್ಲಿ ಮೂರು ವಿಧವಾದ ಬಿತ್ತನೆಯನ್ನು ಮಾಡಬೇಕು.

ಮೊದಲನೆಯದು, ಬೇಗನೆ ಕೈಗೆ ಬರುವ ಸೊಪ್ಪುಗಳು: ದಂಟು, ಹರಿವೆ, ಮೆಂತ್ಯ, ಕೊತ್ತಂಬರಿ. ದಂಟಿನ ಬೀಜವು ಬಹಳ ಸಣ್ಣದಾದುದರಿಂದ ಅದನ್ನು ಮರಳಿನೊಡನೆ ಬೆರೆಸಿ ಚೆಲ್ಲಬೇಕು. ಕೊತ್ತಂಬರಿಯ ಕಾಳನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಬೇಕು. ಏಪ್ರಿಲ್ ಕಡೆಯಲ್ಲಿ ಬಿತ್ತಿದ ದಂಟು, ಮೆಂತ್ಯಗಳು ರಜೆ ಮುಗಿಯುವುದರೊಳಗಾಗಿಯೇ ಕೊಯ್ಲಿಗೆ ಬರುವುವು. ಬಿತ್ತಿದ ಕೈಯೇ ಕೊಯ್ಯುವಂತಾಗುವುದು ಮಕ್ಕಳ ಉತ್ಸಾಹಕ್ಕೆ ಬಹು ಮುಖ್ಯ.

ಎರಡನೆಯದು, ಇದ್ದ ಸ್ಥಳದಲ್ಲಿಯೇ ಬಿತ್ತತಕ್ಕ ಬೆಂಡೆ, ಹುರುಳಿಕಾಯಿ ಮತ್ತು ಬಳ್ಳಿಯ ತರಕಾರಿಗಳು. ಬೆಂಡೆಯ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಸಾಲಿಗೆ ಸಾಲು ಎರಡಡಿ, ಗಿಡಕ್ಕೆ ಗಿಡ ಒಂದಡಿ ಅಂತರದಲ್ಲಿ ಊರಬೇಕು. ನಲವತ್ತೈದರಿಂದ ಐವತ್ತು ದಿನಗಳಲ್ಲಿ ಮೊದಲ ಕಾಯಿ ದೊರೆಯುವುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ‘ಅರ್ಕ ಅನಾಮಿಕ’ ಎಂಬ ಬೆಂಡೆಯ ತಳಿಯೂ, ‘ಅರ್ಕ ಕೋಮಲ್’ ಎಂಬ ಹುರುಳಿಕಾಯಿಯ ತಳಿಯೂ ಈ ಸೀಮೆಗೆ ಒಪ್ಪುವುವು. ಹೀರೆ, ಪಡವಲ, ಹಾಗಲ, ಸೋರೆ ಬಳ್ಳಿಗಳಿಗೆ ನೆಲದಲ್ಲಿ ಸ್ಥಳ ಬೇಡ, ಚಪ್ಪರ ಬೇಕು. ಮೊಳೆತ ಸೀಮೆಬದನೆಯ ಇಡೀ ಕಾಯನ್ನೇ ಓರೆಯಾಗಿ ಅರ್ಧ ಹೂಳಿ, ತಂತಿಯ ಮೇಲೆ ಹಬ್ಬಿಸಬಹುದು.

ಮೂರನೆಯದು, ಒಟ್ಟಲು ಹಾಕಿ ನಾಟಿ ಮಾಡತಕ್ಕ ಬದನೆ, ಟೊಮೆಟೊ, ಮೆಣಸಿನ ಗಿಡಗಳು. ಇವುಗಳ ಬೀಜವನ್ನು ಎತ್ತರವಾದ ಮಡಿಯಲ್ಲಿ ಅಥವಾ ಅಗಲವಾದ ಕುಂಡದಲ್ಲಿ ಬೆರಳಗಲದ ಗೀರುಗಳಲ್ಲಿ ತೆಳ್ಳಗೆ ಬಿತ್ತಬೇಕು. ಒತ್ತಾಗಿ ಬಿತ್ತಿದ ಒಟ್ಟಲು ಮಳೆಯ ದಿನಗಳಲ್ಲಿ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುವುದುಂಟು. ಬೀಜಕ್ಕೆ ಟ್ರೈಕೋಡರ್ಮ ಎಂಬ ಉಪಕಾರಿ ಬೂಷ್ಟಿನ ಪುಡಿಯನ್ನು ಲೇಪಿಸುವುದರಿಂದಲೂ, ಜಡಿಮಳೆ ಬಂದಾಗ ತೆಂಗಿನ ಗರಿಯಿಂದ ಅಥವಾ ನೆರಳು ಬಲೆಯಿಂದ ಮರೆ ಮಾಡುವುದರಿಂದಲೂ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆಲಿಕಲ್ಲು ಬೀಳುವ ಕಾಲವೂ ಇದೇ ಆದುದರಿಂದ ಮರೆಯು ಯಾವಾಗಲೂ ಕೈಗೆ ಸಿಕ್ಕುವಂತಿರಬೇಕು.

೫. ಮಳೆಯನ್ನು ಅಳೆಯುವುದು, ಹಿಡಿಯುವುದು

ಬೆಂಗಳೂರಿನಲ್ಲಿ ಮೇ ತಿಂಗಳಿನ ಸರಾಸರಿ ಮಳೆಯು ೧೦೦ ಮಿಲಿಮೀಟರಿಗಿಂತ ಹೆಚ್ಚು. ೨೦೨೩ ಮತ್ತು ೨೦೨೫ನೆಯ ಇಸವಿಗಳಲ್ಲಿ ಇದು ೩೦೦ ಮಿಲಿಮೀಟರನ್ನು ಮೀರಿತು. ಆದರೆ ಒಂದು ಬಡಾವಣೆಯಲ್ಲಿ ಧಾರಾಕಾರವಾಗಿ ಸುರಿಯುವ ಮಳೆಯು ಪಕ್ಕದ ಬಡಾವಣೆಯಲ್ಲಿ ನೆಲ ನೆನೆಯುವಷ್ಟೂ ಬರದೆ ಇರಬಹುದು. ಆದಕಾರಣ ತನ್ನ ಮನೆಯ ಮಳೆಯನ್ನು ತಾನೇ ಅಳೆಯುವುದು ಉತ್ತಮ. ನೇರವಾದ ಗೋಡೆಗಳುಳ್ಳ, ಮಟ್ಟವಾದ ತಳವುಳ್ಳ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಬೆಳಿಗ್ಗೆ ಅದರಲ್ಲಿ ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ನೋಡಿ ಪುಸ್ತಕದಲ್ಲಿ ಬರೆದಿಡುವ ಕೆಲಸವು ಹತ್ತು ವರ್ಷದ ಮಗುವಿಗೂ ಸಾಧ್ಯ. ಒಂದು ಚದರ ಮೀಟರು ಸ್ಥಳದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ೧,೦೦೦ ಚದರ ಅಡಿಯ ತಾರಸಿಯೆಂದರೆ ಸುಮಾರು ೯೩ ಚದರ ಮೀಟರು. ಆದುದರಿಂದ ೨೫ ಮಿಲಿಮೀಟರಿನ ಒಂದು ಹದ ಮಳೆಗೆ ೨,೩೨೫ ಲೀಟರು ಬೀಳುತ್ತದೆ. ಇಂಗಿ, ಚೆಲ್ಲಿ ಹೋಗುವುದೆಂದು ಐದರಲ್ಲಿ ಒಂದು ಪಾಲನ್ನು ಕಳೆದರೂ ೧,೮೬೦ ಲೀಟರು ಕೈಗೆ ಬರುವುದು. ಇಪ್ಪತ್ತು ಕುಂಡಗಳಿಗೆ ದಿನಕ್ಕೆ ೩೦ ಲೀಟರು ಬೇಕೆಂದು ಇಟ್ಟುಕೊಂಡರೆ, ೧,೦೦೦ ಲೀಟರಿನ ಒಂದು ತೊಟ್ಟಿಯು ಮಳೆಯಿಲ್ಲದ ಒಂದು ತಿಂಗಳನ್ನು ದಾಟಿಸುತ್ತದೆ.

ಮೊದಲ ಮಳೆಯ ನೀರಿನಲ್ಲಿ ಧೂಳು, ಹಕ್ಕಿಯ ಹಿಕ್ಕೆ, ಎಲೆ ಇರುವುದರಿಂದ ಅದನ್ನು ಹೊರಗೆ ಬಿಟ್ಟು, ಅನಂತರದ ನೀರನ್ನು ಜಲ್ಲಿ, ಮರಳು, ಇದ್ದಲುಗಳ ಸೋಸುಗದ ಮೂಲಕ ತೊಟ್ಟಿಗೆ ಇಳಿಸಬೇಕು. ತುಂಬಿ ಮಿಕ್ಕ ನೀರನ್ನು ಇಂಗುಗುಂಡಿಗೆ ಬಿಡಬೇಕು. ೨೦೦೯ರಲ್ಲಿ ಜಲಮಂಡಳಿಯ ಕಾಯಿದೆಗೆ ಮಾಡಿದ ತಿದ್ದುಪಡಿಯಿಂದ ೨,೪೦೦ ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ, ೧,೨೦೦ ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಜಯನಗರದ ಐದನೆಯ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಮಳೆಕೊಯ್ಲಿನ ಒಂದು ಪ್ರಾತ್ಯಕ್ಷಿಕೆಯ ಉದ್ಯಾನವೂ ಏರ್ಪಟ್ಟಿತು. ಬೆಂಗಳೂರಿನಲ್ಲಿ ಕಾಯಿದೆಯಿಂದ ಮಾಡಿಸಬೇಕಾಗಿ ಬಂದ ಈ ಕೆಲಸವನ್ನು ಹಳ್ಳಿಯ ಹೆಂಚಿನ ಮನೆಯವನು ಸೂರಿನ ಕೆಳಗೆ ಒಂದು ದೋಣಿಯನ್ನೂ ಒಂದು ಡ್ರಮ್ಮನ್ನೂ ಇಟ್ಟು ಮಾಡಿಕೊಳ್ಳಬಹುದು.

೬. ಕೃತ್ತಿಕೆ ಮಳೆ: ರಕ್ಷಣೆ (ಸುಮಾರು ಮೇ ೧೧ರಿಂದ ೨೪ರ ವರೆಗೆ)

ಈ ಹದಿನಾಲ್ಕು ದಿನಗಳಲ್ಲಿ ಗಿಡಗಳು ಬೆಳೆಯುವಂತೆಯೇ ಅವುಗಳ ಶತ್ರುಗಳೂ ಬೆಳೆಯುತ್ತವೆ. ಉದಾಹರಣೆಯ ಮನೆಯಲ್ಲಿ ಮೊಮ್ಮಗಳು, “ತಾತ, ಮಳೆ ಬಂದಿದೆಯಲ್ಲ, ಇವತ್ತು ಗಿಡಗಳಿಗೆ ನೀರು ಹಾಕುವುದು ಬೇಡವಲ್ಲವೇ?” ಎಂದು ಕೇಳುತ್ತಾಳೆಂದು ಭಾವಿಸೋಣ. “ಮೋಡವನ್ನು ನೋಡಿ ಹೇಳಬೇಡ ಮಗು, ಮಣ್ಣಿನಲ್ಲಿ ಬೆರಳಿಟ್ಟು ನೋಡಿ ಹೇಳು” ಎಂಬುದೇ ತಾತನ ಸರಿಯಾದ ಉತ್ತರ. ಸಜ್ಜೆಯ ಮರೆಯಲ್ಲಿರುವ ಕುಂಡಕ್ಕೆ ಮಳೆಯ ಹನಿ ತಾಕದೆ ಇರಬಹುದು. ಬಯಲಿನಲ್ಲಿರುವ ಕುಂಡದ ತೂತು ಕಟ್ಟಿಕೊಂಡು ನೀರು ನಿಂತಿರಬಹುದು. ಎರಡು ಬೆರಳ ಗೆಣ್ಣಿನ ಆಳಕ್ಕೆ ತೇವವಿದ್ದರೆ ನೀರು ಬೇಡ. ಮಳೆಗಾಲದಲ್ಲಿ ಕುಂಡದ ಗಿಡಗಳು ನೀರು ಸಾಲದೆ ಸಾಯುವುದಕ್ಕಿಂತ ನೀರು ನಿಂತು ಸಾಯುವುದೇ ಹೆಚ್ಚು.

ಬೆಂಗಳೂರಿನ ತೋಟಗಳಿಗೆ ಮಳೆಯೊಡನೆ ಬರುವ ದೊಡ್ಡ ಪೀಡೆಯು ಆಫ್ರಿಕಾದ ದೈತ್ಯ ಬಸವನಹುಳು. ಇದು ಹಗಲು ಅಡಗಿದ್ದು ರಾತ್ರಿ ಹೊರಬಂದು ಎಳೆಯ ಸಸಿಗಳನ್ನು ಬುಡಸಹಿತ ತಿನ್ನುತ್ತದೆ. ಸಂಜೆ ಒದ್ದೆಯ ಗೋಣಿಚೀಲದ ಕೆಳಗೆ ಪರಂಗಿಯ ಎಲೆಯನ್ನೋ ಕೋಸಿನ ಎಲೆಯನ್ನೋ ಇಟ್ಟರೆ, ಬೆಳಿಗ್ಗೆ ಅದರಡಿಯಲ್ಲಿ ಹುಳುಗಳು ಸೇರಿರುತ್ತವೆ. ಅವುಗಳನ್ನು ಕೈಚೀಲ ತೊಟ್ಟು ಆರಿಸಿ, ಉಪ್ಪು ನೀರಿನಲ್ಲಿ ಹಾಕಿ ಕೊಲ್ಲತಕ್ಕದ್ದು. ಮಕ್ಕಳು ಬರಿಗೈಯಲ್ಲಿ ಮುಟ್ಟಕೂಡದು. ಹೇನಿನ ಜಾತಿಯ ಸಣ್ಣ ಹುಳುಗಳಿಗೆ, ಒಂದು ಲೀಟರು ನೀರಿಗೆ ೫೦ ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲಾ ನೆನೆಯಿಟ್ಟು, ಬೆಳಿಗ್ಗೆ ಹಿಂಡಿ ಸೋಸಿ, ಸ್ವಲ್ಪ ಸಾಬೂನು ಬೆರೆಸಿ, ಮಳೆಯಿಲ್ಲದ ದಿನದ ಸಂಜೆ ಸಿಂಪಡಿಸಬೇಕು. ನೊಣ ಚುಚ್ಚಿ ಉದುರಿದ ಹೀರೆ, ಹಾಗಲ ಕಾಯಿಗಳನ್ನು ಗಿಡದ ಬುಡದಲ್ಲಿ ಬಿಡದೆ ಆಯ್ದು ನಾಶಪಡಿಸಬೇಕು.

ಗಿಡಗಳಿಗಿಂತಲೂ ಮನೆಮಂದಿಗೆ ಸಂಬಂಧಪಟ್ಟ ಎಚ್ಚರಿಕೆಯು ಇನ್ನೊಂದುಂಟು. ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಕೊಚ್ಚೆಯಲ್ಲಿ ಹುಟ್ಟುವುದಿಲ್ಲ. ಕುಂಡದ ಕೆಳಗಿನ ತಟ್ಟೆ, ಬಿಟ್ಟ ಟೈರು, ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ತೊಟ್ಟಿ ಇವುಗಳಲ್ಲಿ ನಿಂತ ತಿಳಿನೀರಿನಲ್ಲಿಯೇ ಅದು ಮೊಟ್ಟೆಯಿಡುವುದು. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನಗಳು ಬೇಕಾಗುವುದರಿಂದ, ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು ಎಲ್ಲಾ ತಟ್ಟೆಗಳನ್ನೂ ಬೋರಲು ಹಾಕಿ ಒಣಗಿಸಿದರೆ ಅದರ ಸಂತತಿಯು ನಿಲ್ಲುತ್ತದೆ. ೨೦೨೪ರಲ್ಲಿ ಡೆಂಗೆಯನ್ನು ಕರ್ನಾಟಕ ಸರ್ಕಾರವು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ನೀರಿನ ತೊಟ್ಟಿಯ ಬಾಯಿಗೆ ಬಿಗಿಯಾದ ಮುಚ್ಚಳವನ್ನಾಗಲಿ ಸಣ್ಣ ಕಣ್ಣಿನ ಬಲೆಯನ್ನಾಗಲಿ ಕಟ್ಟದೆ ಮಳೆಯ ನೀರನ್ನು ಶೇಖರಿಸಿದರೆ, ತರಕಾರಿಯ ಲಾಭವು ವೈದ್ಯರ ಖರ್ಚಿಗೆ ಸಮವಾಗುವುದು. ಗುಡುಗಿನ ಸದ್ದು ಕೇಳಿದೊಡನೆ ಮಕ್ಕಳನ್ನು ತಾರಸಿಯಿಂದಲೂ ಮರದ ಕೆಳಗಿನಿಂದಲೂ ಮನೆಯೊಳಕ್ಕೆ ಕರೆದುಕೊಳ್ಳಬೇಕೆಂಬುದನ್ನೂ ಇಲ್ಲಿಯೇ ಹೇಳಬೇಕಾಗಿದೆ.

೭. ರೋಹಿಣಿ ಮಳೆ: ನಾಟಿಯೂ ಮೊದಲ ಕೊಯ್ಲೂ (ಸುಮಾರು ಮೇ ೨೫ರಿಂದ)

ಭರಣಿಯ ಮೊದಲಲ್ಲಿ ಹಾಕಿದ ಬದನೆ, ಟೊಮೆಟೊ ಒಟ್ಟಲು ಈ ವೇಳೆಗೆ ನಾಲ್ಕು ವಾರದ್ದಾಗಿ ಕೀಳಲು ಬರುತ್ತದೆ. ಮೆಣಸಿನ ಸಸಿಗೆ ಇನ್ನೂ ಒಂದು ವಾರ ಬೇಕು. ಮೋಡ ಕವಿದ ದಿನದ ಸಂಜೆ ನಾಟಿ ಮಾಡಿ, ಗಾಳಿಗೆ ಬೀಳದಂತೆ ಒಂದೊಂದು ಕಡ್ಡಿಯನ್ನು ಊರಿ ಸಡಿಲವಾಗಿ ಕಟ್ಟಬೇಕು. ದಂಟು, ಮೆಂತ್ಯದ ಕೊಯ್ಲೂ ಇದೇ ವಾರದಲ್ಲಿ. ಅಜ್ಜಿಯು ಆ ಸೊಪ್ಪಿನಿಂದ ಮಸ್ಸೊಪ್ಪು ಮಾಡಿ ಮುದ್ದೆಯೊಡನೆ ಬಡಿಸಿದ ದಿನ, ಸೊಪ್ಪೆಂದರೆ ಮುಖ ತಿರುಗಿಸುತ್ತಿದ್ದ ಮಗುವೂ ತಾನು ಬೆಳೆದದ್ದೆಂದು ಎರಡನೆಯ ಸಾರಿ ಕೇಳುವುದನ್ನು ತೋಟ ಮಾಡಿದ ಮನೆಗಳೆಲ್ಲವೂ ಬಲ್ಲವು.

ಶಾಲೆಯು ತೆರೆದ ಮೇಲೆ ಅನೇಕ ತೋಟಗಳು ಹಾಳಾಗುವುದು ಕೆಲಸವನ್ನು ಯಾರಿಗೂ ಒಪ್ಪಿಸದೆ ಬಿಡುವುದರಿಂದ. ಆದಕಾರಣ ರಜೆಯ ಕೊನೆಯ ದಿನವೇ ಬೆಳಗಿನ ಮೇಲ್ವಿಚಾರಣೆ ಯಾರದು, ತಟ್ಟೆ ಒಣಗಿಸುವ ವಾರದ ಕೆಲಸ ಯಾರದು, ಮಳೆಯ ಪುಸ್ತಕ ಯಾರದು ಎಂದು ಹಂಚಿಕೊಳ್ಳತಕ್ಕದ್ದು. ದಿನಕ್ಕೆ ಕಾಲು ಗಂಟೆಯು ಸಾಕು.

ಇಪ್ಪತ್ತು ಕುಂಡಗಳಿಂದ ಆರು ಜನರ ಕುಟುಂಬದ ಊಟಕ್ಕೆ ಬೇಕಾದ ತರಕಾರಿಯೆಲ್ಲವೂ ದೊರೆಯುವುದೆಂದು ಯಾರೂ ನಂಬತಕ್ಕದ್ದಲ್ಲ. ಒಬ್ಬ ಮನುಷ್ಯನಿಗೆ ದಿನಕ್ಕೆ ೪೦೦ ಗ್ರಾಂಗಳಷ್ಟಾದರೂ ಹಣ್ಣು ತರಕಾರಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆರು ಜನರಿಗೆ ಇದು ದಿನಕ್ಕೆ ೨.೪ ಕಿಲೋ ಆಗುತ್ತದೆ. ತಾರಸಿಯ ತೋಟವು ಕೊಡುವುದು ಅದರ ಒಂದು ಸಣ್ಣ ಪಾಲನ್ನು, ಮುಖ್ಯವಾಗಿ ಸೊಪ್ಪು, ಹಸಿಮೆಣಸಿನಕಾಯಿ, ಕರಿಬೇವು, ಕೆಲವು ಕಾಯಿಗಳನ್ನು. ಆದರೆ ಸಂತೆಯ ಸೊಪ್ಪು ಯಾವ ನೀರಿನಲ್ಲಿ ಬೆಳೆದದ್ದೆಂಬುದು ಕೊಳ್ಳುವವನಿಗೆ ತಿಳಿಯುವುದಿಲ್ಲ. ಈ ಸೊಪ್ಪಿನ ನೀರು, ಗೊಬ್ಬರ, ಔಷಧಿಗಳೆಲ್ಲವೂ ಮನೆಯವರ ಕಣ್ಣೆದುರಿಗೇ ಇರುತ್ತವೆ.

೮. ಗ್ರಾಮಗಳಲ್ಲಿ ನಡೆಯತಕ್ಕ ಕೆಲಸ

ಈಗ ತಾತನ ತಮ್ಮನ ಮನೆಯನ್ನು ನೋಡೋಣ. ಅವನಿಗೆ ಹೊಲವಿದೆ, ದನಗಳಿವೆ, ಬಾವಿಯಿದೆ. ಮನೆಯ ಹಿಂದೆ ನಾಲ್ಕು ಗುಂಟೆಯ ಹಿತ್ತಿಲಿದೆ. ಅಂದರೆ ಬನಶಂಕರಿಯ ಅಣ್ಣನ ಮಗನ ಇಡೀ ನಿವೇಶನದಂಥ ಮೂರು ನಿವೇಶನಗಳಿಗಿಂತ ಹೆಚ್ಚು ನೆಲ. ಅದರಲ್ಲಿ ಬೆಳೆದಿರುವುದು ಕಾಂಗ್ರೆಸ್ ಗಿಡ. ಬಚ್ಚಲ ನೀರು ಬೀದಿಗೆ ಹರಿಯುತ್ತದೆ. ಸಗಣಿಯು ತಿಪ್ಪೆಯಲ್ಲಿ ಒಣಗಿ, ಮಳೆಗೆ ತೊಳೆದು ಹೋಗುತ್ತದೆ. ವಾರದ ಸಂತೆಯಿಂದ ಟೊಮೆಟೊ, ಬದನೆ, ಕೊತ್ತಂಬರಿ ಸೊಪ್ಪು ಕೂಡ ಮನೆಗೆ ಬರುತ್ತವೆ. ರಜೆಗೆ ಬಂದ ಮೊಮ್ಮಕ್ಕಳಿಗೆ ತೋರಿಸುವುದಕ್ಕೆ ಹಿತ್ತಿಲಿನಲ್ಲಿ ಏನೂ ಇರುವುದಿಲ್ಲ. ಇಂತಹ ಹಿತ್ತಿಲುಗಳು ಒಂದೊಂದು ಊರಿನಲ್ಲಿ ಎಷ್ಟಿವೆಯೆಂಬುದನ್ನು ಆಯಾ ಊರಿನ ಯಜಮಾನರೇ ಎಣಿಸಿ ನೋಡಬಹುದು. ನೀರಿಗೆ ದಂಡ ತೆರಬೇಕಾದ ಊರಿನಲ್ಲಿ, ನೆಲವಿಲ್ಲದ ಜನರು ಕುಂಡಗಳಿಗೆ ಮಣ್ಣನ್ನು ಕೊಂಡು ತಂದು ಮಾಡುತ್ತಿರುವ ಕೆಲಸವನ್ನು, ಎಲ್ಲವೂ ಇರುವ ಊರಿನಲ್ಲಿ ಮಾಡದಿರುವುದು ಶೋಚನೀಯ.

ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಮುಂದಿನ ರಜೆಗೆ ಈ ಐದು ಕೆಲಸಗಳನ್ನು ನಡೆಸತಕ್ಕದ್ದು:

(ಅ) ಪ್ರತಿಯೊಂದು ಮನೆಯಲ್ಲಿಯೂ ಯುಗಾದಿಯ ಹೊತ್ತಿಗೆ ಒಂದು ಗುಂಟೆ ಹಿತ್ತಿಲನ್ನು ಕಳೆ ತೆಗೆದು, ಬೇಲಿ ಕಟ್ಟಿ, ಅಗೆದು ಬಿಡುವುದು.

(ಆ) ತಿಪ್ಪೆಯನ್ನು ಗುಂಡಿಗೆ ಇಳಿಸಿ, ತುಂಬಿದ ಗುಂಡಿಗೆ ಮಣ್ಣು ಮೆತ್ತುವುದು. ಈ ವರ್ಷದ ಕಾರ್ತಿಕದಲ್ಲಿ ಮುಚ್ಚಿದ ಗುಂಡಿಯು ಮುಂದಿನ ಮುಂಗಾರಿಗೆ ಗೊಬ್ಬರ ಕೊಡುವುದು.

(ಇ) ಬಚ್ಚಲ ನೀರನ್ನು ಕಾಲುವೆ ಮಾಡಿ ಬಾಳೆಗೂ ತೆಂಗಿಗೂ ಬಿಡುವುದು. ಸಾಬೂನಿನ ಈ ನೀರನ್ನು ಸೊಪ್ಪಿನ ಪಾತಿಗೆ ಬಿಡಕೂಡದು. ಸೊಪ್ಪಿಗೆ ಬಾವಿಯ ಅಥವಾ ಸೂರಿನ ನೀರೇ ಆಗಬೇಕು.

(ಈ) ಊರಿನ ಹಳೆಯ ದಂಟು, ಅವರೆ, ಹೀರೆ, ಸೋರೆಗಳ ಬೀಜಗಳನ್ನು ಉಳಿಸುವುದು. ಮೊದಲ ಒಳ್ಳೆಯ ಕಾಯಿಗಳನ್ನು ಕೀಳದೆ ಗಿಡದಲ್ಲಿಯೇ ಬಲಿಯಬಿಟ್ಟು, ಬೀಜವನ್ನು ಒಣಗಿಸಿ, ಬೂದಿಯೊಡನೆ ಬೆರೆಸಿ ಮಡಕೆಯಲ್ಲಿಡಬೇಕು. ಮಿಶ್ರತಳಿಯ ಗಿಡದ ಬೀಜವು ತಾಯಿಯಂತೆ ಬರುವುದಿಲ್ಲವಾದುದರಿಂದ ಅದನ್ನು ಇಡುವುದು ವ್ಯರ್ಥ.

(ಉ) ರಜೆಗೆ ಬಂದ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮನಾಗಿ, ತಲೆಗೊಂದು ಪಾತಿಯನ್ನು ಅಳೆದುಕೊಟ್ಟು, ಬಿತ್ತನೆಯ ದಿನ, ಮಳೆಯ ಅಳತೆ, ಕೊಯ್ಲಿನ ತೂಕಗಳನ್ನು ಅವರ ಕೈಯಿಂದಲೇ ಬರೆಯಿಸುವುದು.

ಕೊನೆಯದಾಗಿ ಹೇಳಿದ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದದ್ದು. ಭೈರಸಂದ್ರ, ಸಾರಕ್ಕಿ, ಪುಟ್ಟೇನಹಳ್ಳಿಗಳ ಹೊಲಗಳು ಒಂದೇ ತಲೆಮಾರಿನಲ್ಲಿ ರಸ್ತೆಗಳಾದವು. ಬೆಂಗಳೂರು ಇನ್ನೂ ದಕ್ಷಿಣಕ್ಕೆ ಬೆಳೆಯುತ್ತಿರುವಾಗ, ಕನಕಪುರದ ದಾರಿಯ ಹಳ್ಳಿಗಳಿಗೂ ಆ ದಿನ ಬರಬಹುದು. ನೆಲವು ಕೈಬಿಟ್ಟು ಹೋದರೂ, ಹದವನ್ನು ಬೆರಳಿನಿಂದ ತಿಳಿಯುವ ವಿದ್ಯೆಯು ಮಕ್ಕಳ ಕೈಯಲ್ಲಿದ್ದರೆ ಅದು ಒಂದು ಕುಂಡದ ಮಣ್ಣಿನಲ್ಲಿಯೂ ಬದುಕುತ್ತದೆಂಬುದನ್ನು ಬನಶಂಕರಿಯ ತಾರಸಿಗಳು ತೋರಿಸಿವೆ. ಆ ವಿದ್ಯೆಯನ್ನು ಕಲಿಸಲು ಅಜ್ಜತಾತಂದಿರಿಗೆ ವರ್ಷದಲ್ಲಿ ದೊರೆಯುವುದು ಈ ಮೂರು ಮಳೆಗಳ ಅವಕಾಶ ಮಾತ್ರ. ಅಶ್ವಿನಿ ಹುಟ್ಟುವುದಕ್ಕೆ ಮುಂಚೆಯೇ ಗುದ್ದಲಿಗೆ ಕಾವು ಹಾಕಿಸಿ, ಬೀಜವನ್ನು ಹೊಂದಿಸಿಟ್ಟುಕೊಂಡವರಿಗೆ ಮೊದಲ ಹದವು ವ್ಯರ್ಥವಾಗುವುದಿಲ್ಲ.